ಕೀಲಿಮಣೆಯ ಜನಕ ಶೋಲ್ಸ್

ನಮ್ಮ ಶಾಲೆಯ ಗಣಕಯಂತ್ರದ ಕೊಠಡಿಗೆ ಮೊದಲ ಬಾರಿ ಕಾಲಿಡುವ ಎಂಟನೆಯ ತರಗತಿಯ ಮಕ್ಕಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದುಂಟು. ಇಂಗ್ಲಿಷಿನ ಅಕ್ಷರಗಳನ್ನು ಎ, ಬಿ, ಸಿ, ಡಿ ಎಂದು ಕ್ರಮವಾಗಿ ಕಲಿಸಿದ ಮೇಲೆ, ಕೀಲಿಮಣೆಯಲ್ಲಿ ಮಾತ್ರ ಅವನ್ನು ಚೆಲ್ಲಾಪಿಲ್ಲಿಯಾಗಿ ಜೋಡಿಸಿದವರು ಯಾರು, ಏತಕ್ಕಾಗಿ? ಕ್ಯೂ, ಡಬ್ಲ್ಯು, ಇ, ಆರ್, ಟಿ, ವೈ ಎಂದು ಸಾಗುವ ಆ ಮೇಲಿನ ಸಾಲನ್ನು ಬೆರಳಿಗೆ ರೂಢಿ ಮಾಡಿಕೊಳ್ಳುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತದೆ. ಆಮೇಲೆ ಪ್ರಶ್ನೆ ಮರೆತುಹೋಗುತ್ತದೆ.

ಮರೆಯಬಾರದ ಪ್ರಶ್ನೆಯದು. ಅದರ ಉತ್ತರವನ್ನು ಹುಡುಕುತ್ತ ಹೋದರೆ ನಾವು ನೂರೈವತ್ತು ವರ್ಷಗಳಿಗೂ ಹಿಂದಕ್ಕೆ, ಅಮೆರಿಕದ ಮಿಲ್ವಾಕಿ ಎಂಬ ಊರಿನ ಒಂದು ಪುಟ್ಟ ಯಂತ್ರಶಾಲೆಗೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಐವತ್ತರ ಸಮೀಪದ ಒಬ್ಬ ಸಾಧು ಮನುಷ್ಯ, ಕೈಗೆ ಮಸಿ ಹತ್ತಿಸಿಕೊಂಡು, ಒಂದಕ್ಕೊಂದು ಸಿಕ್ಕಿಕೊಂಡ ಕಡ್ಡಿಗಳನ್ನು ಬಿಡಿಸುತ್ತ ಕುಳಿತಿರುವುದು ಕಾಣುತ್ತದೆ. ಆತನೇ ಕ್ರಿಸ್ಟೋಫರ್ ಲೇಥಮ್ ಶೋಲ್ಸ್. ಬೆರಳಚ್ಚು ಯಂತ್ರದ ಜನಕನೆಂದು ಲೋಕ ಆತನನ್ನು ಕರೆಯುತ್ತದೆ. ಒತ್ತಿದ ಕೀಲಿ ಸರಿಯಾಗಿ ಕೆಲಸ ಮಾಡದಿದ್ದರೆ ಅದರ ಹೊರೆಯನ್ನು ಯಾರು ಹೊರಬೇಕು ಎಂಬ ಪ್ರಶ್ನೆಯನ್ನು ಮೊದಲು ಎದುರಿಸಿದವರಲ್ಲಿ ಆತನೂ ಒಬ್ಬ. ಆತನ ಜೀವನವನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಶೋಲ್ಸ್ 1819ನೆಯ ಇಸವಿ ಫೆಬ್ರವರಿ 14ರಂದು ಪೆನ್ಸಿಲ್ವೇನಿಯಾ ರಾಜ್ಯದ ಮೂರ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಹುಡುಗನಾಗಿದ್ದಾಗಲೇ ಸಮೀಪದ ಡ್ಯಾನ್‌ವಿಲ್ ಪಟ್ಟಣದ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದನು. ಆ ಕಾಲದ ಅಚ್ಚುಕೂಟದ ಕೆಲಸ ಸುಲಭದ್ದಲ್ಲ. ಸೀಸದ ಪ್ರತಿಯೊಂದು ಅಚ್ಚುಮೊಳೆಯನ್ನೂ ಕೈಯಿಂದ ಆರಿಸಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುವ ಅಕ್ಷರಗಳನ್ನು ಸಾಲಾಗಿ ಜೋಡಿಸಬೇಕು. ಮುದ್ರಣವಾದ ಮೇಲೆ ಅವನ್ನೆಲ್ಲ ಬಿಡಿಸಿ ಮತ್ತೆ ತಮ್ಮ ತಮ್ಮ ಮನೆಗಳಿಗೆ ಸೇರಿಸಬೇಕು. ಒಂದು ಮೊಳೆ ತಪ್ಪು ಮನೆಗೆ ಬಿದ್ದರೆ ಮರುದಿನದ ಪತ್ರಿಕೆಯಲ್ಲಿ ತಪ್ಪು ಕಾಣಿಸಿಕೊಳ್ಳುತ್ತದೆ. ಯಾವ ಅಕ್ಷರ ಹೆಚ್ಚಾಗಿ ಬೇಕಾಗುತ್ತದೆ, ಯಾವುದು ಅಪರೂಪ, ಯಾವುದು ಕೈಗೆ ಹತ್ತಿರವಿರಬೇಕು ಎಂಬುದನ್ನು ಈ ಹುಡುಗ ಪುಸ್ತಕದಿಂದ ಕಲಿಯಲಿಲ್ಲ, ಬೆರಳುಗಳಿಂದ ಕಲಿತನು. ಮುಂದೆ ಆತನಿಗೆ ಅದೇ ವಿದ್ಯೆ ನೆರವಾಯಿತು.

1837ರಲ್ಲಿ, ಹದಿನೆಂಟು ವರ್ಷ ತುಂಬಿದಾಗ, ಶೋಲ್ಸ್ ಪಶ್ಚಿಮದ ವಿಸ್ಕಾನ್ಸಿನ್ ಪ್ರಾಂತಕ್ಕೆ ಅಣ್ಣನನ್ನು ಹಿಂಬಾಲಿಸಿ ಹೊರಟನು. ಆಗ ಅದು ಹೊಸದಾಗಿ ಜನ ಬಂದು ನೆಲೆಸುತ್ತಿದ್ದ ಪ್ರದೇಶ. ಇಂದು ಕೆನೋಶಾ ಎಂದು ಕರೆಯುವ ಸೌತ್‌ಪೋರ್ಟ್ ಎಂಬ ಊರಿನಲ್ಲಿ ಪತ್ರಿಕೆಯೊಂದನ್ನು ಆತ ನಡೆಸತೊಡಗಿದನು. 1841ರಲ್ಲಿ ಮೇರಿ ಜೇನ್ ಮೆಕಿನಿಯೊಂದಿಗೆ ವಿವಾಹವಾಯಿತು. ಹತ್ತು ಮಕ್ಕಳ ತುಂಬು ಸಂಸಾರ. 1848ರಲ್ಲಿ ವಿಸ್ಕಾನ್ಸಿನ್ ಪೂರ್ಣ ರಾಜ್ಯವಾದಾಗ ಶೋಲ್ಸ್ ಅದರ ಶಾಸನಸಭೆಗೆ ಆರಿಸಿ ಬಂದನು. ಮುಂದೆ ಇನ್ನೆರಡು ಸಲ ಶಾಸನಸಭೆಯಲ್ಲಿ ಕುಳಿತನು.

ಈ ಅವಧಿಯ ಒಂದು ಘಟನೆಯನ್ನು ನಾವು ಇಲ್ಲಿ ಹೇಳಲೇಬೇಕು. ಯಂತ್ರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ, ಆದರೆ ಮನುಷ್ಯನ ಸ್ವಭಾವ ಅದರಿಂದ ತಿಳಿಯುತ್ತದೆ. 1851ರ ಆಗಸ್ಟಿನಲ್ಲಿ ಕೆನೋಶಾದಲ್ಲಿ ಪತ್ನಿಯನ್ನು ಕೊಂದ ಅಪರಾಧಿಯೊಬ್ಬನನ್ನು ಸಾವಿರಾರು ಜನರ ಎದುರು ಗಲ್ಲಿಗೇರಿಸಿದರು. ಹಗ್ಗಕ್ಕೆ ಸಿಕ್ಕಿದ ಮೇಲೂ ಬಹಳ ಹೊತ್ತು ಅವನ ಜೀವ ಹೋಗಲಿಲ್ಲ. ಜನ ಅದನ್ನು ಜಾತ್ರೆಯಂತೆ ನೋಡುತ್ತ ನಿಂತಿದ್ದರು. ಶೋಲ್ಸ್ ತನ್ನ ಪತ್ರಿಕೆಯಲ್ಲಿ ಈ ಕ್ರೌರ್ಯವನ್ನು ಖಂಡಿಸಿ ಬರೆದುದಲ್ಲದೆ, ಶಾಸನಸಭೆಯಲ್ಲಿಯೂ ಮರಣದಂಡನೆಯ ವಿರುದ್ಧ ಹೋರಾಡಿದನು. 1853ರಲ್ಲಿ ವಿಸ್ಕಾನ್ಸಿನ್ ರಾಜ್ಯ ಮರಣದಂಡನೆಯನ್ನು ರದ್ದುಮಾಡಿತು. ಇಂದಿಗೂ ಅಲ್ಲಿ ಅದು ಮರಳಿ ಬಂದಿಲ್ಲ. ಕಣ್ಣೆದುರಿಗೆ ಕಂಡ ದೋಷವನ್ನು ನೋಡಿಯೂ ನೋಡದಂತೆ ದಾಟಿಹೋಗುವ ಸ್ವಭಾವ ಆತನದಾಗಿರಲಿಲ್ಲ.

ಕೆಲವು ವರ್ಷಗಳ ಬಳಿಕ ಶೋಲ್ಸ್ ಮಿಲ್ವಾಕಿಗೆ ಬಂದನು. ಅಲ್ಲಿ ಪತ್ರಿಕೆಯ ಸಂಪಾದಕನಾಗಿ, ಅಂಚೆ ಅಧಿಕಾರಿಯಾಗಿ, ಬಂದರಿನ ಸುಂಕದ ಅಧಿಕಾರಿಯಾಗಿ ದುಡಿದನು. ಬಿಡುವಿನ ಹೊತ್ತಿನಲ್ಲಿ ಮಾತ್ರ ಕ್ಲೈನ್‌ಸ್ಟೂಬರ್ ಎಂಬವನ ಯಂತ್ರಶಾಲೆಯೇ ಆತನ ಮನೆ. ಅಲ್ಲಿ ಸ್ಯಾಮ್ಯುಯೆಲ್ ಸೋಲ್ ಎಂಬ ಮುದ್ರಕ ಗೆಳೆಯನೊಡನೆ ಸೇರಿ, ಲೆಕ್ಕದ ಪುಸ್ತಕಗಳಿಗೂ ಚೀಟಿಗಳಿಗೂ ಕ್ರಮಸಂಖ್ಯೆಗಳನ್ನು ಒತ್ತುವ ಯಂತ್ರವೊಂದನ್ನು ನಿರ್ಮಿಸಿ 1866ರಲ್ಲಿ ಪೇಟೆಂಟ್ ಪಡೆದನು. ಅದೇ ಯಂತ್ರಶಾಲೆಯಲ್ಲಿ ಹೊಸ ಬಗೆಯ ನೇಗಿಲೊಂದನ್ನು ಮಾಡಲು ಹೊರಟಿದ್ದ ಕಾರ್ಲೋಸ್ ಗ್ಲಿಡನ್ ಎಂಬ ವಕೀಲ ಮಿತ್ರ ಇದನ್ನು ಕಂಡು, ಅಂಕಿಗಳನ್ನು ಒತ್ತಬಲ್ಲ ಯಂತ್ರ ಅಕ್ಷರಗಳನ್ನೇಕೆ ಒತ್ತಬಾರದು ಎಂದು ಕೇಳಿದನು. 1867ರಲ್ಲಿ ವಿಜ್ಞಾನಪತ್ರಿಕೆಯೊಂದರಲ್ಲಿ ಜಾನ್ ಪ್ರ್ಯಾಟ್ ಎಂಬವನ ಬರೆಯುವ ಯಂತ್ರದ ವಿಚಾರ ಪ್ರಕಟವಾಯಿತು. ಅದನ್ನು ಓದಿದ ಮೇಲೆ ಶೋಲ್ಸ್‌ಗೆ ಸುಮ್ಮನಿರಲಾಗಲಿಲ್ಲ.

ಆತ ಮಾಡಿದ ಮೊದಲ ಮಾದರಿ ಬಹಳ ಸರಳ. ತಂತಿ ಕಚೇರಿಯಲ್ಲಿ ಸಂದೇಶ ಕಳುಹಿಸಲು ಬಳಸುವ ಕೀಲಿಯೊಂದನ್ನು ತಂದು, ಅದನ್ನು ಒತ್ತಿದಾಗ ಒಂದು ಸಣ್ಣ ಕಡ್ಡಿ ಮೇಲಕ್ಕೆದ್ದು ಗಾಜಿನ ಅಡಿಯಲ್ಲಿದ್ದ ಕಾರ್ಬನ್ ಕಾಗದಕ್ಕೆ ಬಡಿಯುವಂತೆ ಮಾಡಿದನು. ಕಡ್ಡಿಯ ತುದಿಯಲ್ಲಿದ್ದುದು ಡಬ್ಲ್ಯು ಎಂಬ ಒಂದೇ ಅಕ್ಷರ. ಆ ಒಂದಕ್ಷರದ ಯಂತ್ರದಿಂದ ಉಳಿದೆಲ್ಲ ಬೆಳೆಯಿತು. ಮತಿಯಾಸ್ ಶ್ವಾಲ್‌ಬಾಖ್ ಎಂಬ ಗಡಿಯಾರ ಬಲ್ಲ ಕುಶಲಕರ್ಮಿ ಕೈಜೋಡಿಸಿದನು. 1868ರ ಜೂನ್ 23ರಂದು ಶೋಲ್ಸ್, ಗ್ಲಿಡನ್ ಮತ್ತು ಸೋಲ್ ಮೂವರ ಹೆಸರಿನಲ್ಲಿ ಬೆರಳಚ್ಚು ಯಂತ್ರಕ್ಕೆ ಪೇಟೆಂಟ್ ದೊರೆಯಿತು. ಅದರ ಕೀಲಿಗಳು ಪಿಯಾನೋ ವಾದ್ಯದ ಮೆಟ್ಟಿಲುಗಳಂತೆ ಎರಡು ಸಾಲಿನಲ್ಲಿದ್ದವು, ಅಕ್ಷರಗಳು ಎ, ಬಿ, ಸಿ, ಡಿ ಕ್ರಮದಲ್ಲಿಯೇ ಇದ್ದವು. ನಮ್ಮ ಮಕ್ಕಳು ಬಯಸುವ ಕೀಲಿಮಣೆ ಒಮ್ಮೆ ನಿಜವಾಗಿಯೂ ಇತ್ತು!

ಹಾಗಾದರೆ ಅದನ್ನು ಬಿಟ್ಟುದೇಕೆ? ಯಂತ್ರದ ಒಳಗನ್ನು ಸ್ವಲ್ಪ ತಿಳಿದರೆ ಇದಕ್ಕೆ ಉತ್ತರ ಸಿಗುತ್ತದೆ. ಪ್ರತಿಯೊಂದು ಅಕ್ಷರವೂ ಒಂದೊಂದು ಲೋಹದ ಕಡ್ಡಿಯ ತುದಿಯಲ್ಲಿ ಇತ್ತು. ಈ ಕಡ್ಡಿಗಳು ಬುಟ್ಟಿಯ ಬಾಯಿಯಂತೆ ವೃತ್ತಾಕಾರವಾಗಿ ತೂಗಾಡುತ್ತಿದ್ದವು. ಕೀಲಿ ಒತ್ತಿದಾಗ ಕಡ್ಡಿ ಮೇಲಕ್ಕೆ ಚಿಮ್ಮಿ, ನಡುವೆ ಇದ್ದ ಕಾಗದದ ಅಡಿಗೆ ಬಡಿದು, ತನ್ನ ಭಾರದಿಂದಲೇ ಕೆಳಗೆ ಬೀಳಬೇಕು. ಬೆರಳು ವೇಗವಾಗಿ ಓಡಿದರೆ, ಮೊದಲ ಕಡ್ಡಿ ಕೆಳಗಿಳಿಯುವ ಮುನ್ನವೇ ನೆರೆಯ ಕಡ್ಡಿ ಮೇಲೇಳುತ್ತಿತ್ತು. ಎರಡೂ ಢಿಕ್ಕಿ ಹೊಡೆದು ಸಿಕ್ಕಿಕೊಳ್ಳುತ್ತಿದ್ದವು. ಕಾಗದದ ಅಡಿಯಲ್ಲಿ ಅಚ್ಚಾಗುತ್ತಿದ್ದುದರಿಂದ ಬರೆಯುವವನಿಗೆ ತಪ್ಪು ಕೂಡಲೇ ಕಾಣುತ್ತಲೂ ಇರಲಿಲ್ಲ. ಕೆಲವು ಸಾಲು ಕಳೆದು ಕಾಗದ ಮೇಲೆ ಸರಿದಾಗಲೇ, ಹಾಳಾದುದು ಗೊತ್ತಾಗುತ್ತಿತ್ತು.

ಈ ಹಂತದಲ್ಲಿ ಶೋಲ್ಸ್‌ನ ಬಾಳಿನಲ್ಲಿ ಜೇಮ್ಸ್ ಡೆನ್ಸ್‌ಮೋರ್ ಎಂಬವನು ಪ್ರವೇಶಿಸಿದನು. ಹಿಂದೆ ಪತ್ರಿಕೆ ನಡೆಸಿ ಬಳಿಕ ಎಣ್ಣೆಯ ವ್ಯವಹಾರಕ್ಕಿಳಿದಿದ್ದ ಈತ ಗಟ್ಟಿಗ, ಮುಂಗೋಪಿ, ಹಿಡಿದ ಪಟ್ಟು ಬಿಡದವನು. ಹೊಸ ಯಂತ್ರದಲ್ಲಿ ಅಚ್ಚುಮಾಡಿದ ಕಾಗದವೊಂದು ಅಂಚೆಯಲ್ಲಿ ಬಂದುದನ್ನು ಕಂಡು, ಯಂತ್ರವನ್ನು ನೋಡದೆಯೇ, ಅಲ್ಲಿಯವರೆಗೆ ಆಗಿದ್ದ ಸುಮಾರು 600 ಡಾಲರ್ ವೆಚ್ಚವನ್ನು ಕೊಟ್ಟು ನಾಲ್ಕನೆಯ ಒಂದು ಪಾಲನ್ನು ಕೊಂಡನು. ಆಮೇಲೆ 1868ರಲ್ಲಿ ಮಿಲ್ವಾಕಿಗೆ ಬಂದು ಯಂತ್ರವನ್ನು ಕಣ್ಣಾರೆ ಕಂಡಾಗ ಇದು ಯಾತಕ್ಕೂ ಆಗದು ಎಂದು ಆತನಿಗೆ ಅನಿಸಿತು. ಆದರೆ ಕೈಬಿಡಲಿಲ್ಲ, ಸರಿಪಡಿಸಬೇಕೆಂದು ಹಟ ಹಿಡಿದನು. ಸೋಲ್ ಮತ್ತು ಗ್ಲಿಡನ್ ಕ್ರಮೇಣ ಹಿಂದೆ ಸರಿದರು. ಶೋಲ್ಸ್ ಒಬ್ಬನೇ ಉಳಿದನು.

ಡೆನ್ಸ್‌ಮೋರ್ ಒಂದು ಜಾಣತನದ ಕೆಲಸ ಮಾಡಿದನು. ತಯಾರಾದ ಯಂತ್ರಗಳನ್ನು ವಾಷಿಂಗ್ಟನ್ನಿನ ಜೇಮ್ಸ್ ಕ್ಲೆಫೇನ್ ಎಂಬ ಶೀಘ್ರಲಿಪಿಕಾರನಿಗೆ ಪರೀಕ್ಷೆಗಾಗಿ ಕಳುಹಿಸಿದನು. ದಿನವಿಡೀ ಬರೆಯುವುದೇ ಕ್ಲೆಫೇನನ ವೃತ್ತಿ. ಆತ ಯಂತ್ರಕ್ಕೆ ಕರುಣೆ ತೋರಲಿಲ್ಲ. ಒಂದಾದ ಮೇಲೊಂದು ಯಂತ್ರ ಆತನ ಕೈಯಲ್ಲಿ ಮುರಿದುಬಿತ್ತು. ಪ್ರತಿ ಸಲವೂ ದೋಷಗಳ ಪಟ್ಟಿ ಮಿಲ್ವಾಕಿಗೆ ಬಂತು. ಮೃದು ಸ್ವಭಾವದ ಶೋಲ್ಸ್‌ಗೆ ಈ ಟೀಕೆಗಳು ಚುಚ್ಚಿದವು. ಇನ್ನು ಸಾಕು ಎಂದು ಹಲವು ಸಲ ಮನಸ್ಸು ಮುರಿಯಿತು. ಆದರೆ ದೋಷಗಳು ಕೊಳ್ಳುವವರ ಕೈಯಲ್ಲಿ ಹೊರಬರುವುದಕ್ಕಿಂತ ತಮ್ಮ ಕೈಯಲ್ಲೇ ಹೊರಬರುವುದು ಮೇಲು ಎಂಬ ಡೆನ್ಸ್‌ಮೋರನ ವಾದದಲ್ಲಿ ಸತ್ಯವಿತ್ತು. ಹೀಗೆ ಐದಾರು ವರ್ಷಗಳಲ್ಲಿ 25ರಿಂದ 30 ಮಾದರಿಗಳು ಹುಟ್ಟಿ, ಮುರಿದು, ಮತ್ತೆ ಹುಟ್ಟಿದವು. ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆಗಳನ್ನು ಕಂಡು ಮುಖ ಸಣ್ಣದು ಮಾಡಿಕೊಳ್ಳುವ ನಮ್ಮ ವಿದ್ಯಾರ್ಥಿಗಳು ಈ ಮಾತನ್ನು ನೆನಪಿಡಬೇಕು.

ಕಡ್ಡಿಗಳ ಢಿಕ್ಕಿಯನ್ನು ತಪ್ಪಿಸಲು ಎರಡು ದಾರಿಗಳಿದ್ದವು. ನಿಧಾನವಾಗಿ ಒತ್ತಿರೆಂದು ಬರೆಯುವವರಿಗೆ ಹೇಳಿ ಕೈತೊಳೆದುಕೊಳ್ಳುವುದು ಒಂದು ದಾರಿ. ಯಂತ್ರವನ್ನೇ ಬದಲಾಯಿಸುವುದು ಇನ್ನೊಂದು. ಶೋಲ್ಸ್ ಎರಡನೆಯದನ್ನು ಆರಿಸಿದನು. ವರ್ಷದಿಂದ ವರ್ಷಕ್ಕೆ ಅಕ್ಷರಗಳ ಸ್ಥಾನವನ್ನು ಬದಲಿಸುತ್ತ ಹೋದನು. ಎರಡು ಸಾಲು ನಾಲ್ಕಾಯಿತು. ಜನರ ಬೆರಳನ್ನು ನಿಧಾನಗೊಳಿಸುವುದಕ್ಕಾಗಿಯೇ ಈ ಜೋಡಣೆ ಹುಟ್ಟಿತು ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಅದು ಸರಿಯಲ್ಲ. ಪದಗಳಲ್ಲಿ ಒಟ್ಟೊಟ್ಟಿಗೆ ಬರುವ ಅಕ್ಷರಗಳ ಕಡ್ಡಿಗಳನ್ನು ದೂರ ಮಾಡಿ, ಯಂತ್ರ ಸಿಕ್ಕಿಕೊಳ್ಳದಂತೆ ಮಾಡಿದನೆಂಬುದು ಬಹುಕಾಲದಿಂದ ಹೇಳುತ್ತ ಬಂದಿರುವ ವಿವರಣೆ. ತಂತಿಯ ಸಂದೇಶಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದ ನೌಕರರ ಅನುಕೂಲವೇ ಇದಕ್ಕೆ ಮುಖ್ಯ ಕಾರಣವೆಂದು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ವಾದಿಸಿದ್ದಾರೆ. ಹಳೆಯ ಕ್ರಮದ ಕುರುಹು ಮಾತ್ರ ಇಂದಿಗೂ ಉಳಿದಿದೆ. ವಿದ್ಯಾರ್ಥಿಗಳು ಕೀಲಿಮಣೆಯ ನಡುವಣ ಸಾಲನ್ನು ನೋಡಲಿ. ಡಿ, ಎಫ್, ಜಿ, ಎಚ್, ಜೆ, ಕೆ, ಎಲ್ ಎಂದು ಅಕ್ಷರಮಾಲೆಯ ಒಂದು ತುಣುಕು ಅಲ್ಲಿ ಹಾಗೆಯೇ ಕುಳಿತಿದೆ.

1873ರ ಮಾರ್ಚಿನಲ್ಲಿ ಡೆನ್ಸ್‌ಮೋರ್ ಈ ಯಂತ್ರವನ್ನು ನ್ಯೂಯಾರ್ಕ್ ರಾಜ್ಯದ ಇಲಿಯನ್ ಪಟ್ಟಣದ ರೆಮಿಂಗ್ಟನ್ ಸಂಸ್ಥೆಗೆ ಒಪ್ಪಿಸುವ ಕರಾರು ಮಾಡಿದನು. ಅದು ಬಂದೂಕು ತಯಾರಿಸುವ ಕಾರ್ಖಾನೆ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಬಂದೂಕಿನ ಬೇಡಿಕೆ ಇಳಿದಿದ್ದರಿಂದ ಅವರು ಹೊಲಿಗೆಯಂತ್ರಗಳನ್ನೂ ಮಾಡುತ್ತಿದ್ದರು. 1874ರಲ್ಲಿ ಶೋಲ್ಸ್ ಮತ್ತು ಗ್ಲಿಡನ್ನರ ಹೆಸರಿನಲ್ಲಿ ಯಂತ್ರ ಮಾರುಕಟ್ಟೆಗೆ ಬಂದಾಗ ಅದು ಹೊಲಿಗೆಯಂತ್ರದ ತಂಗಿಯಂತೆಯೇ ಇತ್ತು. ಮೈಮೇಲೆ ಹೂಬಳ್ಳಿಗಳ ಚಿತ್ರ, ಕೆಳಗೆ ಸಾಲು ಬದಲಿಸಲು ಕಾಲಿನಿಂದ ಒತ್ತುವ ಮೆಟ್ಟು! ಬೆಲೆ 125 ಡಾಲರ್. ದೊಡ್ಡಕ್ಷರಗಳನ್ನು ಮಾತ್ರ ಅದು ಬರೆಯುತ್ತಿತ್ತು. ಅಂಕಿಗಳಲ್ಲಿ ಒಂದೂ ಇರಲಿಲ್ಲ, ಸೊನ್ನೆಯೂ ಇರಲಿಲ್ಲ. ಒಂದಕ್ಕೆ ಐ ಅಕ್ಷರವನ್ನೂ ಸೊನ್ನೆಗೆ ಓ ಅಕ್ಷರವನ್ನೂ ಒತ್ತಿ ಸಾಗಿಸಬೇಕಾಗಿತ್ತು. ಟೈಪಿಂಗ್ ತರಗತಿಗೆ ಹೋಗಿ ಲೋವರ್, ಹೈಯರ್ ಪರೀಕ್ಷೆಗಳಿಗೆ ಕುಳಿತ ನಮ್ಮ ಪೋಷಕರಲ್ಲಿ ಕೆಲವರಿಗೆ, ಒಂದು ಎಂಬ ಅಂಕಿಗೆ ಸಣ್ಣಕ್ಷರದ ಎಲ್ ಒತ್ತಿದ ನೆನಪು ಇದ್ದೀತು. ಆ ಅಭ್ಯಾಸದ ಬೇರು ಇಲ್ಲಿದೆ.

ಆರಂಭದಲ್ಲಿ ಯಂತ್ರ ಹೆಚ್ಚು ಮಾರಾಟವಾಗಲಿಲ್ಲ. ಅಚ್ಚಿನಲ್ಲಿ ಬರೆದ ಪತ್ರ ಬಂದರೆ, ಕೈಬರಹ ಓದಲು ಬಾರದವರೆಂದು ತಮ್ಮನ್ನು ಹಗುರ ಮಾಡಿದಂತೆ ಎಣಿಸಿದವರೂ ಇದ್ದರು. ಶೋಲ್ಸ್ ಅಷ್ಟರಲ್ಲಿ ಸೋತಿದ್ದನು. ತನ್ನ ಹಕ್ಕನ್ನು ಸುಮಾರು 12,000 ಡಾಲರಿಗೆ ಒಮ್ಮೆಲೇ ಮಾರಿಬಿಟ್ಟನು. ಪ್ರತಿ ಯಂತ್ರಕ್ಕೂ ಇಷ್ಟಿಷ್ಟೆಂದು ಪಾಲು ಉಳಿಸಿಕೊಂಡ ಡೆನ್ಸ್‌ಮೋರ್ ಮುಂದೆ ಶ್ರೀಮಂತನಾದನು. 1878ರಲ್ಲಿ ರೆಮಿಂಗ್ಟನ್ನಿನ ಎರಡನೆಯ ಮಾದರಿ ಬಂತು. ಒಂದೇ ಕಡ್ಡಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎರಡನ್ನೂ ಇಟ್ಟು, ಶಿಫ್ಟ್ ಎಂಬ ಕೀಲಿಯಿಂದ ಬೇಕಾದುದನ್ನು ಆರಿಸುವ ಉಪಾಯ ಅದರಲ್ಲಿತ್ತು. ಅಲ್ಲಿಂದ ಮುಂದೆ ಬೆರಳಚ್ಚು ಯಂತ್ರ ಲೋಕವನ್ನೇ ಗೆದ್ದಿತು. 1881ರಲ್ಲಿ ನ್ಯೂಯಾರ್ಕಿನ ಕ್ರೈಸ್ತ ಯುವತಿಯರ ಸಂಘ ಹೆಣ್ಣುಮಕ್ಕಳಿಗೆ ಬೆರಳಚ್ಚಿನ ತರಗತಿಯನ್ನು ಆರಂಭಿಸಿತು. ಕಚೇರಿಗಳ ಬಾಗಿಲು ಮಹಿಳೆಯರಿಗೆ ತೆರೆಯಿತು. ಶೋಲ್ಸ್‌ನ ಮಗಳು ಲಿಲಿಯನ್ 1872ರಲ್ಲಿಯೇ ತಂದೆಯ ಯಂತ್ರದ ಮುಂದೆ ಕುಳಿತು ಬರೆಯುತ್ತಿರುವ ಚಿತ್ರವೊಂದಿದೆ. ಅನಂತರ ಬಂದ ಲಕ್ಷಾಂತರ ಮಹಿಳೆಯರಿಗೆ ಆಕೆ ಹಿರಿಯಕ್ಕ. ಹಣ ಕೈತಪ್ಪಿದರೂ, ದುಡಿದು ಬಾಳಬೇಕಾದ ಹೆಣ್ಣುಮಕ್ಕಳಿಗೆ ತನ್ನ ಕೆಲಸ ನೆರವಾಯಿತೆಂಬ ಸಮಾಧಾನ ಆತನಿಗೆ ಇತ್ತು.

ಕೊನೆಯ ವರ್ಷಗಳಲ್ಲಿ ಶೋಲ್ಸ್ ಕ್ಷಯರೋಗದಿಂದ ನರಳಿದನು. ಹಾಸಿಗೆ ಹಿಡಿದರೂ ಯಂತ್ರದ ಚಿಂತೆ ಬಿಡಲಿಲ್ಲ. ಇಲ್ಲಿ ನಮ್ಮ ಮಕ್ಕಳು ಅಚ್ಚರಿಪಡುವ ಸಂಗತಿಯೊಂದಿದೆ. 1889ರಲ್ಲಿ ಆತ ಇನ್ನೊಂದು ಪೇಟೆಂಟಿಗೆ ಅರ್ಜಿ ಹಾಕಿದನು. ಅದರಲ್ಲಿ ತೋರಿಸಿದ ಕೀಲಿಮಣೆಯ ಜೋಡಣೆ ಬೇರೆಯೇ ಆಗಿತ್ತು! ಲೋಕವೆಲ್ಲ ಕಲಿಯುತ್ತಿದ್ದ ತನ್ನದೇ ಜೋಡಣೆಗೆ ಆತ ಅಂಟಿಕೊಂಡಿರಲಿಲ್ಲ, ಇನ್ನೂ ಸರಿಪಡಿಸುತ್ತಲೇ ಇದ್ದನು. ಆದರೆ ಕಾಲ ಮೀರಿತ್ತು. ಸಾವಿರಾರು ಬೆರಳುಗಳು ಹಳೆಯದನ್ನು ಕಲಿತುಬಿಟ್ಟಿದ್ದವು. 1890ರ ಫೆಬ್ರವರಿ 17ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಶೋಲ್ಸ್ ಮಿಲ್ವಾಕಿಯಲ್ಲಿ ಕಣ್ಮುಚ್ಚಿದನು. ಆ ಹೊಸ ಪೇಟೆಂಟ್ 1896ರಲ್ಲಿ ಮಂಜೂರಾಗಿ ಬಂದಾಗ ಅದನ್ನು ಕಾಣಲು ಆತ ಇರಲಿಲ್ಲ.

ಶೋಲ್ಸ್‌ನ ಕಥೆ ಇಲ್ಲಿಗೆ ಮುಗಿಯಿತೆಂದು ಯಾರಾದರೂ ಎಣಿಸಬಹುದು. ಗಣಕಯಂತ್ರದಲ್ಲಿ ಸಿಕ್ಕಿಕೊಳ್ಳಲು ಕಡ್ಡಿಗಳೇ ಇಲ್ಲವಲ್ಲ! ಆದರೆ ಆತ ಹೊತ್ತ ಹೊರೆ ಇನ್ನೊಂದು ರೂಪದಲ್ಲಿ ಮುಂದುವರಿದಿದೆ. ನಮ್ಮ ಕೇರಳದ ಶಾಲೆಗಳ ಗಣಕಯಂತ್ರಗಳಲ್ಲಿ ನಾವು ಬಳಸುವುದು ಲಿನಕ್ಸ್ ಆಧಾರಿತ ವ್ಯವಸ್ಥೆ. ಅದರ ತಿರುಳಿನಲ್ಲಿ ಕರ್ನೆಲ್ ಎಂಬ ತಂತ್ರಾಂಶವಿದೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಆರಂಭಿಸಿದನು. ಕೀಲಿಮಣೆ, ಮೌಸ್, ಪರದೆ ಮೊದಲಾದ ಉಪಕರಣಗಳೊಡನೆ ಮಾತನಾಡುವುದು ಕರ್ನೆಲಿನ ಕೆಲಸ. ಉಳಿದ ತಂತ್ರಾಂಶಗಳೆಲ್ಲ ಅದರ ಮೂಲಕವೇ ನಡೆಯಬೇಕು.

ನಾವು ಕೀಲಿಯೊಂದನ್ನು ಒತ್ತಿದಾಗ ಗಣಕಯಂತ್ರದೊಳಕ್ಕೆ ಹೋಗುವುದು ಅಕ್ಷರವಲ್ಲ, ಒಂದು ಸಂಖ್ಯೆ. 1981ರಲ್ಲಿ ಬಂದ ಐಬಿಎಂ ಪಿಸಿಯ ಪದ್ಧತಿಯಂತೆ ಎ ಕೀಲಿಯನ್ನು ಒತ್ತಿದರೆ 30, ಬಿಟ್ಟರೆ ಅದಕ್ಕೆ 128 ಕೂಡಿಸಿದ 158. ಒತ್ತಿದ್ದಕ್ಕೊಂದು ಸುದ್ದಿ, ಬಿಟ್ಟದ್ದಕ್ಕೊಂದು ಸುದ್ದಿ. ಈಗ ಮೇಲಿನ ಸಾಲಿನ ಸಂಖ್ಯೆಗಳನ್ನು ನೋಡೋಣ. ಕ್ಯೂ 16, ಡಬ್ಲ್ಯು 17, ಇ 18, ಆರ್ 19, ಟಿ 20, ವೈ 21. ಲಿನಕ್ಸ್ ಕರ್ನೆಲಿನ ಪಟ್ಟಿಯಲ್ಲಿಯೂ ಇವೇ ಸಂಖ್ಯೆಗಳು. ಮಿಲ್ವಾಕಿಯ ಯಂತ್ರಶಾಲೆಯಲ್ಲಿ ಹುಟ್ಟಿದ ಸಾಲು ಗಣಕಯಂತ್ರದ ಎಣಿಕೆಯೊಳಗೇ ಹೋಗಿ ಕುಳಿತಿದೆ.

ಎಲ್ಲ ಕೀಲಿಮಣೆಗಳೂ ನಿಯಮದಂತೆ ನಡೆದುಕೊಂಡರೆ ಕರ್ನೆಲಿಗೆ ಕಷ್ಟವಿಲ್ಲ. ಆದರೆ ಲೋಕದಲ್ಲಿ ಅಡ್ಡದಾರಿ ಹಿಡಿಯುವ ಗುಂಡಿಗಳು ಎಷ್ಟೋ ಇವೆ. ಕೈಯಲ್ಲಿ ಹಿಡಿದೊಯ್ಯುವ ಕೆಲವು ಗಣಕಗಳಲ್ಲಿ, ಪರದೆಯ ಬೆಳಕನ್ನು ಹೆಚ್ಚು ಕಡಿಮೆ ಮಾಡುವಂತಹ ವಿಶೇಷ ಗುಂಡಿಗಳು ಒತ್ತಿದ ಸುದ್ದಿಯನ್ನು ಕಳುಹಿಸುತ್ತವೆ, ಬಿಟ್ಟ ಸುದ್ದಿಯನ್ನು ಕಳುಹಿಸುವುದೇ ಇಲ್ಲ. ಬೆರಳು ತೆಗೆದರೂ ಗುಂಡಿ ಇನ್ನೂ ಒತ್ತಿಯೇ ಇದೆಯೆಂದು ಯಂತ್ರ ನಂಬುತ್ತದೆ. ಮೇಲೆದ್ದ ಕಡ್ಡಿ ಕೆಳಗಿಳಿಯದೆ ನಿಂತಂತೆಯೇ ಇದು! ಇನ್ನು ಕೆಲವು ಕೀಲಿಮಣೆಗಳು, ಯಂತ್ರಕ್ಕೆ ಜೋಡಿಸಿದ ಕೂಡಲೇ ತಮ್ಮಲ್ಲಿ ಯಾವ ಯಾವ ಗುಂಡಿಗಳಿವೆ ಎಂಬ ವಿವರವನ್ನು ಒಪ್ಪಿಸುವಾಗ ತಪ್ಪು ವಿವರ ಕೊಡುತ್ತವೆ. ಇರುವ ಗುಂಡಿಗಳ ಲೆಕ್ಕವೇ ಅದರಲ್ಲಿ ಪೂರ್ತಿ ಇರುವುದಿಲ್ಲ. ಆ ಹೆಚ್ಚಿನ ಗುಂಡಿಗಳನ್ನು ಒತ್ತಿದರೆ ಏನೂ ಆಗುವುದಿಲ್ಲ.

ಕಾರ್ಖಾನೆಯಿಂದ ಹೊರಟು ಜನರ ಮನೆ ಸೇರಿದ ಉಪಕರಣಗಳನ್ನು ಹಿಂದಕ್ಕೆ ಕರೆಸುವಂತಿಲ್ಲ. ಆದುದರಿಂದ ಕರ್ನೆಲಿನೊಳಗೆ, ಇಂತಹ ವಿಚಿತ್ರ ಸ್ವಭಾವದ ಉಪಕರಣಗಳ ಪಟ್ಟಿಗಳನ್ನು ಇಟ್ಟಿದ್ದಾರೆ. ಉಪಕರಣ ಜೋಡಣೆಯಾದಾಗ ಕರ್ನೆಲ್ ಅದರ ತಯಾರಕನ ಸಂಖ್ಯೆಯನ್ನೂ ಮಾದರಿಯ ಸಂಖ್ಯೆಯನ್ನೂ ಪಟ್ಟಿಯಲ್ಲಿ ಹುಡುಕುತ್ತದೆ. ತಪ್ಪು ವಿವರ ಕೊಡುವ ಕೀಲಿಮಣೆಯೆಂದು ತಿಳಿದರೆ ಆ ವಿವರವನ್ನು ತಾನೇ ತಿದ್ದಿ ಓದುತ್ತದೆ. ಕೈಗಣಕದ ಹೆಸರು ಪಟ್ಟಿಯಲ್ಲಿದ್ದರೆ, ಬಿಟ್ಟ ಸುದ್ದಿ ಕಳುಹಿಸದ ಆ ಗುಂಡಿಗಳ ಪರವಾಗಿ ಬಿಟ್ಟ ಸುದ್ದಿಯನ್ನು ತಾನೇ ಹುಟ್ಟಿಸಿ ಮುಂದಕ್ಕೆ ಕಳುಹಿಸುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಸಾಧು ಕೀಲಿಮಣೆಗಳಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಮೇಲಿನ ತಂತ್ರಾಂಶಕ್ಕಾಗಲಿ, ಮುಂದೆ ಕುಳಿತ ವಿದ್ಯಾರ್ಥಿಗಾಗಲಿ ಇದಾವುದೂ ತಿಳಿಯುವುದಿಲ್ಲ. ತಿಳಿಯಬೇಕಾಗಿಯೂ ಇಲ್ಲ.

ಈ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಒಬ್ಬ ಕ್ಲೆಫೇನ್ ಇದ್ದಾನೆ ಎಂದರೆ ತಪ್ಪಾಗದು. ಯಾವುದೋ ಊರಿನಲ್ಲಿ ಯಾರೋ ಒಬ್ಬರಿಗೆ ತಮ್ಮ ಗುಂಡಿ ಸರಿಯಿಲ್ಲವೆಂದು ಕಂಡಿತು. ಬೈದು ಸುಮ್ಮನಾಗದೆ, ಯಾವ ಮಾದರಿ, ಯಾವ ಗುಂಡಿ, ಯಾವ ಸಂಖ್ಯೆ ಬಂತು, ಯಾವುದು ಬರಲಿಲ್ಲ ಎಂದು ಗುರುತು ಹಾಕಿಕೊಂಡರು. ತಾವೇ ತಿದ್ದುಪಡಿ ಬರೆದರು, ಇಲ್ಲವೇ ಬಲ್ಲವರಿಗೆ ತಿಳಿಸಿದರು. ಇನ್ನೊಬ್ಬರು ಅದನ್ನು ಪರಿಶೀಲಿಸಿ ಸೇರಿಸಿಕೊಂಡರು. ಅಂದಿನಿಂದ ಅದೇ ಉಪಕರಣ ಕೊಂಡ ಎಲ್ಲರಿಗೂ ಆ ತೊಂದರೆ ತಪ್ಪಿತು. ಅವರ ಹೆಸರು ಆ ಜನರಿಗೆ ತಿಳಿಯದು.

ಈ ಮಾತು ನಮಗೆ, ಕನ್ನಡ ಬರೆಯುವವರಿಗೆ, ಇನ್ನಷ್ಟು ಹತ್ತಿರದ್ದು. ಇಪ್ಪತ್ತಾರು ಅಕ್ಷರಗಳಿಗಾಗಿ ಹುಟ್ಟಿದ ಯಂತ್ರದಲ್ಲಿ ನಮ್ಮ ಸ್ವರ, ವ್ಯಂಜನ, ಗುಣಿತ, ಒತ್ತಕ್ಷರಗಳನ್ನು ಕೂರಿಸುವುದು ಸಾಮಾನ್ಯದ ಕೆಲಸವಲ್ಲ. ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದ ಕೆ. ಅನಂತಸುಬ್ಬರಾಯರೂ, ಗಣಕಯಂತ್ರದಲ್ಲಿ ಉಚ್ಚಾರಣೆಗೆ ಹೊಂದುವ ಜೋಡಣೆಯನ್ನು ಕೊಟ್ಟ ಕೆ.ಪಿ. ರಾಯರೂ ಈ ಹೊರೆ ಹೊತ್ತ ಹಿರಿಯರು. ರಾಯರ ಜೋಡಣೆಯಲ್ಲಿ ಕೆ ಕೀಲಿ ಒತ್ತಿದರೆ ಕ ಮೂಡುತ್ತದೆ. ಶಿಫ್ಟ್ ಹಿಡಿದು ಒತ್ತಿದರೆ ಖ ಮೂಡುತ್ತದೆ. ಕರ್ನೆಲಿಗೆ ಕೆ ಎಂದರೆ 37, ಎಡಗಡೆಯ ಶಿಫ್ಟ್ ಎಂದರೆ 42, ಅಷ್ಟೇ. ಅದು ಇಂಗ್ಲಿಷನ್ನೂ ಅರಿಯದು, ಕನ್ನಡವನ್ನೂ ಅರಿಯದು. ಸಂಖ್ಯೆಯನ್ನು ಸರಿಯಾಗಿ ಮೇಲಕ್ಕೆ ಮುಟ್ಟಿಸುತ್ತದೆ. ಅದನ್ನು ಕನ್ನಡವಾಗಿಸುವುದು ಮೇಲಿರುವ ತಂತ್ರಾಂಶದ ಕೆಲಸ. ಶಿಫ್ಟ್ ಬಿಟ್ಟ ಸುದ್ದಿಯೊಂದು ಬರದೇ ಹೋಗಲಿ, ಆಗ ಕ ಎಲ್ಲ ಖ, ಗ ಎಲ್ಲ ಘ, ಬ ಎಲ್ಲ ಭ ಆಗಿ ನಮ್ಮ ಪತ್ರ ಕೆಟ್ಟುಹೋಗುತ್ತದೆ. ಗಡಿಯಾಚೆ ಕುಳಿತು ಕನ್ನಡ ಕಲಿಯುವ ಮಗುವೊಂದು ತನ್ನ ಹೆಸರನ್ನು ತಪ್ಪಿಲ್ಲದೆ ಬರೆಯಬೇಕಾದರೆ, ಅದರ ಕೆಳಗೆ ಇಷ್ಟು ಜನರ ಎಚ್ಚರ ಇರಬೇಕಾಗುತ್ತದೆ.

ವಿದ್ಯಾರ್ಥಿ ಮಿತ್ರರು ಶೋಲ್ಸ್‌ನ ಜೀವನದಿಂದ ಕಲಿಯಬೇಕಾದುದು ಇದನ್ನೇ. ಆತ ಶ್ರೀಮಂತನಾಗಲಿಲ್ಲ. ಆತನ ಯಂತ್ರ ಇಂದು ಬಹುಪಾಲು ವಸ್ತುಸಂಗ್ರಹಾಲಯಗಳಲ್ಲಿದೆ. ಆತನೇ ಬದಲಿಸಬಯಸಿದ ಜೋಡಣೆ ಮಾತ್ರ ನಮ್ಮ ಬೆರಳಿನಡಿ ಉಳಿದಿದೆ. ಆದರೆ ಯಂತ್ರದ ಕೊರತೆಯನ್ನು ಬಳಸುವವರ ತಲೆಗೆ ಕಟ್ಟದೆ, ಮಾಡಿದವನೇ ಹೊರಬೇಕೆಂಬ ಆತನ ನಡತೆ ಹಳೆಯದಾಗಿಲ್ಲ. ನಾಳೆ ನಮ್ಮ ಮಕ್ಕಳಲ್ಲಿ ಯಾರಾದರೂ ಯಂತ್ರ ಮಾಡಬಹುದು, ಪಾಠ ಹೇಳಬಹುದು, ಅಂಗಡಿ ನಡೆಸಬಹುದು, ಕಚೇರಿಯಲ್ಲಿ ಕುಳಿತು ಜನರ ಅರ್ಜಿ ಸ್ವೀಕರಿಸಬಹುದು. ಎದುರಿಗೆ ನಿಂತವರಿಗೆ ತೊಡಕಾದಾಗ, ಅವರದೇ ತಪ್ಪೆಂದು ಹೇಳುವ ಮುನ್ನ, ತೊಡಕು ನಮ್ಮ ಕಡೆಯಲ್ಲಿದೆಯೇ ಎಂದು ಒಮ್ಮೆ ನೋಡಿಕೊಳ್ಳುವ ಅಭ್ಯಾಸ ಅವರಿಗೆ ಬರಲಿ. ಗಣಕಯಂತ್ರದ ಕೊಠಡಿಯಲ್ಲಿ ಗುಂಡಿಯೊಂದು ಹಟ ಹಿಡಿದರೆ ಅದನ್ನು ಗುದ್ದದೆ, ಯಾವ ಗುಂಡಿ, ಏನಾಯಿತು ಎಂದು ಒಂದು ಚೀಟಿಯಲ್ಲಿ ಬರೆದು ಅಧ್ಯಾಪಕರ ಕೈಗೆ ಕೊಡಲಿ. ಕ್ಲೆಫೇನ್ ಶೋಲ್ಸ್‌ಗೆ ಮಾಡಿದ ಉಪಕಾರವೂ ಅದೇ ಆಗಿತ್ತು.